ಹೂವಪ್ಪ ಕಾಕಾನ ಬೆನ್ನಿನ ಅಕ್ಷರ

ನಮ್ಮ ಹೂವಪ್ಪ ಕಾಕಾನಿಗೆ ಓದು ಬರಹ ಬರುತ್ತಿರಲಿಲ್ಲ. ನಾನು ಅಕ್ಷರ ಕಲಿತದ್ದು ಅವನಿಂದಲೇ. ಈ ಎರಡು ಮಾತನ್ನು ಒಟ್ಟಿಗೆ ಹೇಳಿದರೆ ಕೇಳಿದವರು ನನ್ನ ತಲೆ ನೆಟ್ಟಗಿಲ್ಲ ಎಂದುಕೊಳ್ಳುತ್ತಾರೆ. ಮೂವತ್ತೆರಡು ವರ್ಷ ಕಣ್ಣಿಲ್ಲದ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು ನಾನು. ತಲೆ ಇನ್ನೂ ಗಟ್ಟಿಯಾಗಿಯೇ ಇದೆ. ನಾನು ಕಲಿತು, ಆಮೇಲೆ ಕಲಿಸಿದ ಶಾಲೆಯವರು ಈ ವರ್ಷದ ಸಂಚಿಕೆಗೆ ನನ್ನ ಗುರುಗಳ ಬಗ್ಗೆ ಬರೆದುಕೊಡಿ ಎಂದು ಕೇಳಿದ್ದಾರೆ. ದೊಡ್ಡವರ ಹೆಸರು ಬರಲಿ ಎಂಬ ಆಸೆ ಅವರಿಗೆ ಇದ್ದೀತು. ನಾನು ಬರೆಯುವುದು ಗಜೇಂದ್ರಗಡದ ಒಬ್ಬ ನೇಕಾರನ ಬಗ್ಗೆ. ಹಿಡಿಸದಿದ್ದರೆ ಅಚ್ಚು ಹಾಕಿಸದೆ ಬಿಡಲಿ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ನನಗೆ ಎರಡು ತುಂಬುವ ಮೊದಲೇ ಅಪ್ಪ ತೀರಿಕೊಂಡ. ಮರುವರ್ಷ ಊರಿಗೆ ಸಿಡುಬು ಬಂತು. ಹೋಗುವಾಗ ನನ್ನ ಎರಡೂ ಕಣ್ಣು ತೆಗೆದುಕೊಂಡು ಹೋಯಿತು. ಮನೆಯಲ್ಲಿ ಉಳಿದವರು ಅವ್ವ ಮಾನವ್ವ, ಮದುವೆಯಾಗದ ಕಾಕಾ, ನಾನು, ಮತ್ತು ಮಗ್ಗ. ಮಗ್ಗವನ್ನೂ ಮನೆಮಂದಿಯ ಲೆಕ್ಕಕ್ಕೆ ಸೇರಿಸಿದ್ದು ತಮಾಷೆಗಲ್ಲ, ಪಡಸಾಲೆಯ ಅರ್ಧ ಜಾಗ ಅದರದ್ದೇ. ನೆಲದಲ್ಲಿ ಕುಣಿ ತೋಡಿ, ನೇಕಾರ ಅದರೊಳಗೆ ಕಾಲು ಇಳಿಬಿಟ್ಟು ಕೂತು, ಕೆಳಗೆ ತುಳಿಯುತ್ತ ಮೇಲೆ ಲಾಳಿ ಓಡಿಸುವ ಮಗ್ಗ. ಅದರ ಸದ್ದು ನಿಂತರೆ ನನಗೆ ಎಚ್ಚರವಾಗುತ್ತಿತ್ತು.

ಕಾಕಾನ ಬಾಯಲ್ಲಿ ಮಾತು ಕಡಿಮೆ, ಜಂಬ ಮಾತ್ರ ಬೇಕಾದಷ್ಟು. ಸೀರೆ ಕೊಳ್ಳಲು ಬಂದ ಪ್ರತಿಯೊಬ್ಬ ವ್ಯಾಪಾರಿಗೂ ಅವನು ಹೇಳುವ ಮಾತು ಒಂದೇ, "ನನ್ನ ಮಗ್ಗದಾಗ ತಪ್ಪ ಹುಟ್ಟೂದಿಲ್ಲ." ಆ ಮಾತು ಹೇಳುವಾಗ ಅವನ ದನಿ ಸ್ವಲ್ಪ ದಪ್ಪಗಾಗುತ್ತಿತ್ತು. ಖರೆ ಹೇಳಬೇಕೆಂದರೆ, ಸೀರೆಯಲ್ಲಿ ತಪ್ಪು ಬರುತ್ತಿರಲಿಲ್ಲ. ತೊಂದರೆ ಏನೆಂದರೆ ಬೇರೆ ಯಾವುದರಲ್ಲೂ ತನ್ನದು ತಪ್ಪು ಎಂದು ಅವನು ಒಪ್ಪುತ್ತಿರಲಿಲ್ಲ. ಅವ್ವ ತವರಿಗೆ ಹೋದಾಗ ಅವನೇ ಅಡುಗೆ ಮಾಡುತ್ತಿದ್ದ. ಒಂದು ದಿನ ಸಾರು ಬಾಯಿಗೆ ಇಡಲಾಗದಷ್ಟು ಉಪ್ಪಾಗಿತ್ತು. ಹೇಳಿದೆ. "ಈ ಸಲದ ಉಪ್ಪು ಜೋರೈತಿ" ಎಂದ.

ಕಣ್ಣಿಲ್ಲದ ಹೆಣ್ಣುಮಗುವನ್ನು ಏನು ಮಾಡಬೇಕೆಂದು ಊರಿನವರೆಲ್ಲ ಅವ್ವನಿಗೆ ಹೇಳಿಕೊಟ್ಟರು. ಅವರ ಸಲಹೆಗಳನ್ನು ಗುಡ್ಡೆ ಹಾಕಿದ್ದರೆ ಗಜೇಂದ್ರಗಡದ ಕೋಟೆಗಿಂತ ಎತ್ತರವಾಗುತ್ತಿತ್ತು. ಗದಗಿನಲ್ಲಿ ಸಂಗೀತ ಕಲಿಸುತ್ತಾರೆ, ಕಳಿಸು ಎಂದವರೇ ಹೆಚ್ಚು. ನನ್ನ ಹಾಡು ಒಮ್ಮೆ ಕೇಳಿದವರು ಆ ಮಾತನ್ನು ಎರಡನೆಯ ಸಲ ಎತ್ತಲಿಲ್ಲ. ಉಳಿದದ್ದು ಕಂಡಿಕೆ ಸುತ್ತುವುದು. ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ ನೂಲು ಸುತ್ತುವ ಕೆಲಸ ಅದು. ಕಣ್ಣು ಬೇಡ, ಬೆರಳು ಸಾಕು. ಐದು ವರ್ಷಕ್ಕೆ ಶುರು ಮಾಡಿದ್ದೆ, ಎಂಟಕ್ಕೆ ಓಣಿಯಲ್ಲೇ ನನ್ನಷ್ಟು ಲಗೂ ಸುತ್ತುವವರು ಇರಲಿಲ್ಲ. ಸಾಯುವತನಕ ಕಂಡಿಕೆ ಸುತ್ತಿಕೊಂಡು ಇರುತ್ತಾಳೆ ಎಂದು ಅವ್ವ ಸಮಾಧಾನ ಮಾಡಿಕೊಂಡಿದ್ದಳು. ನನಗೆ ಸಮಾಧಾನವಿರಲಿಲ್ಲ. ಹತ್ತಿರದ ಶಾಲೆಯಿಂದ ಮಕ್ಕಳು ಒಕ್ಕೊರಲಿನಲ್ಲಿ ಮಗ್ಗಿ ಹೇಳುವುದು ಕೇಳಿಸುತ್ತಿತ್ತು. ಕೇಳಿ ಕೇಳಿ ಹದಿನಾರರ ಮಗ್ಗಿಯವರೆಗೂ ನನಗೆ ಬಾಯಿಪಾಠವಾಗಿತ್ತು. ಹೊಟ್ಟೆ ಉರಿಯುತ್ತಿತ್ತು.

ಮುಂಬಯಿ ಸರಕಾರ ಹೋಗಿ ಮೈಸೂರು ರಾಜ್ಯ ಬಂದ ಮರುವರ್ಷ, ಊರ ಶಾಲೆಯ ಗುರುಸಂಗಪ್ಪ ಮಾಸ್ತರರು ಒಂದು ಲಕೋಟೆ ಹಿಡಿದು ನಮ್ಮ ಮನೆಗೆ ಬಂದರು. ಕಣ್ಣಿಲ್ಲದ ಮಕ್ಕಳಿಗಾಗಿಯೇ ಒಂದು ಶಾಲೆ ಇದೆ, ಊಟ ವಸತಿ ಎಲ್ಲ ಅಲ್ಲೇ, ಅಲ್ಲಿ ಬೆರಳಿನಿಂದ ಓದುವ ಚುಕ್ಕಿ ಅಕ್ಷರ ಕಲಿಸುತ್ತಾರೆ ಎಂದರು. ಬರುವ ಬೇಸಿಗೆಯಲ್ಲಿ ಆ ಶಾಲೆಯ ಮಾಸ್ತರರು ರೋಣಕ್ಕೆ ಬಂದು, ರೋಣ ನರಗುಂದದ ಸುತ್ತಿನ ಮಕ್ಕಳನ್ನು ಪರೀಕ್ಷೆ ಮಾಡುತ್ತಾರೆ. ಚುಕ್ಕಿ ಅಕ್ಷರ ಗುರುತಿಸಲು ಬಂದವರನ್ನು ಅದೇ ವರ್ಷ ಸೇರಿಸಿಕೊಳ್ಳುತ್ತಾರೆ, ಬಾರದವರು ಮರುವರ್ಷ ಬರಬೇಕು. ಹತ್ತು ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ. ನನಗೆ ಆಗಲೇ ಒಂಬತ್ತು ತುಂಬಿತ್ತು. ಮರುವರ್ಷದ ಮಾತೇ ಇರಲಿಲ್ಲ, ಇದೊಂದೇ ಸಲ.

ಲಕೋಟೆಯಲ್ಲಿ ಆ ಅಕ್ಷರಗಳನ್ನೆಲ್ಲ ಸಾಲಾಗಿ ತೋರಿಸುವ ಒಂದು ಹಾಳೆಯ ತಖ್ತೆಯೂ ಇತ್ತು. ಮಾಸ್ತರರು ಅದನ್ನು ನನ್ನ ಕೈಯಲ್ಲಿಟ್ಟರು. ನಾನು ಮೇಲಿನಿಂದ ಕೆಳಗೆ, ಅಂಚಿನಿಂದ ಅಂಚಿಗೆ ಬೆರಳಾಡಿಸಿದೆ. ನುಣ್ಣಗಿನ ಕಾಗದ, ಬೇರೇನೂ ಇಲ್ಲ. ಕುರುಡರ ಅಕ್ಷರವನ್ನು ಯಾರೋ ಪುಣ್ಯಾತ್ಮರು ಮಸಿಯಲ್ಲಿ ಛಾಪಿಸಿ ಕಳಿಸಿದ್ದರು. ಇವತ್ತಿಗೂ ಅದನ್ನು ನೆನೆದರೆ ನನಗೆ ನಗು ಬರುತ್ತದೆ. ಅವತ್ತು ಅಳು ಬಂದಿತ್ತು.

ಮಾಸ್ತರರು ಪೆಚ್ಚಾದರು. ಉಬ್ಬು ಚುಕ್ಕಿಯ ಪುಸ್ತಕ ತರಿಸಲು ಕಾಗದ ಬರೆಯುತ್ತೇನೆ, ಯಾವಾಗ ಬರುತ್ತದೋ ಹೇಳಲಾಗದು ಎಂದರು. ಆಗ ಮಗ್ಗದ ಸದ್ದು ನಿಂತಿತು. ಕಾಕಾ ಕುಣಿಯಿಂದ ಎದ್ದು ಬಂದು ತಖ್ತೆಯನ್ನು ಇಸಿದುಕೊಂಡ. ಬಹಳ ಹೊತ್ತು ನೋಡಿದ. ಒಂದೊಂದು ಅಕ್ಷರಕ್ಕೂ ಎಡಕ್ಕೆ ಮೂರು, ಬಲಕ್ಕೆ ಮೂರು ಮನೆ. ಆ ಆರು ಮನೆಗಳಲ್ಲಿ ಕೆಲವಕ್ಕೆ ಚುಕ್ಕಿ ಉಂಟು, ಕೆಲವಕ್ಕೆ ಇಲ್ಲ. ಮಾಸ್ತರರಿಗೆ ಅದು ಅಕ್ಷರವಾಗಿ ಕಂಡಿತ್ತು. ಕಾಕಾನಿಗೆ ಅದು ಸೆರಗಿನ ಚಿತ್ತಾರವಾಗಿ ಕಂಡಿತು.

"ಇದನ್ನ ನಾ ನೇಯ್ತೇನ್ರಿ" ಎಂದ.

ಇಲ್ಲಿ ನಮ್ಮ ಕಸುಬಿನ ಒಂದು ಪದ್ಧತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹೂವು ಎತ್ತುವ, ಅಂದರೆ ಚಿತ್ತಾರ ಮೂಡಿಸುವ, ಸೆರಗನ್ನು ನಮ್ಮ ಮನೆಯಲ್ಲಿ ಬೆನ್ನು ಮೇಲಾಗಿ ನೇಯುತ್ತಿದ್ದರು. ಬಟ್ಟೆಯ ಮುಖ ನೆಲದ ಕಡೆಗೆ, ಬೆನ್ನು ನೇಕಾರನ ಕಡೆಗೆ. ಬಣ್ಣದ ಎಳೆ ಕಟ್ಟಿದ ಗಂಟು, ಕತ್ತರಿಸಿದ ತುದಿ, ಎಲ್ಲವೂ ಬೆನ್ನಿಗೆ. ಸೀರೆಯ ಮುಖದಲ್ಲಿ ಒಂದು ಗಂಟು ಸಿಕ್ಕರೂ ನೇಕಾರನ ಮಾನ ಹೋಗುತ್ತಿತ್ತು. ಹೀಗಾಗಿ ಕಾಗದದ ಮೇಲಿನ ಗಿಳಿ ಬಲಕ್ಕೆ ನೋಡುತ್ತಿದ್ದರೆ, ನೇಕಾರ ಅದನ್ನು ಎಡಕ್ಕೆ ತಿರುಗಿಸಿ ನೇಯಬೇಕು. ಆಗ ಮುಖದಲ್ಲಿ ಅದು ಸರಿಯಾಗಿ ಬಲಕ್ಕೆ ನೋಡುತ್ತದೆ. ಕಾಕಾನ ಕೈ ಇಪ್ಪತ್ತು ವರ್ಷದಿಂದ ಹೀಗೆ ತಿರುಗಿಸುತ್ತಲೇ ಬಂದಿತ್ತು. ಅದಕ್ಕೆ ಅವನು ಯೋಚನೆ ಮಾಡಬೇಕಾಗಿಯೇ ಇರಲಿಲ್ಲ.

ಮೂರು ವಾರ ಹಿಡಿಯಿತು. ಹಗಲೆಲ್ಲ ಸೀರೆ ನೇಯ್ದು, ಸಂಜೆ ಬೆಳಕಿರುವಷ್ಟು ಹೊತ್ತು ಇದನ್ನು ನೇಯುತ್ತಿದ್ದ. ಮೊದಲು ನೇಯ್ದ ಗಂಟುಗಳು ನನ್ನ ಬೆರಳ ತುದಿಗೆ ದೊಡ್ಡವಾದವು, ಬಿಚ್ಚಿದ. ಆಮೇಲೆ ತೀರ ಸಣ್ಣವಾದವು, ಮತ್ತೆ ಬಿಚ್ಚಿದ. ಪ್ರತಿ ಸಲವೂ ನನ್ನನ್ನು ಕರೆದು, ಮಗ್ಗದ ಮೇಲಿದ್ದ ಹಾಗೆಯೇ ಮುಟ್ಟಿಸಿ ನೋಡುತ್ತಿದ್ದ. ಕೊನೆಗೆ ಹುಣಸೆಬೀಜದ ಅಳತೆಯಲ್ಲಿ ಒಂದೊಂದು ಅಕ್ಷರ ಕೂತಿತು. ಅಕ್ಷರಗಳ ಸಾಲು ಎಲ್ಲಿ ಶುರು ಎಂದು ನನಗೆ ತಿಳಿಯಲೆಂದು ಆ ಅಂಚಿಗೆ ದಪ್ಪ ದಡಿ ಕೊಟ್ಟ. ಆ ಮೂರು ವಾರ ಅವನು ತಂಬಾಕು ಬಿಟ್ಟಿದ್ದ, ಕೈ ನಡುಗಬಾರದೆಂದು. ಇದು ನನಗೆ ಗೊತ್ತಾದದ್ದು ವಾಸನೆಯಿಂದ.

ಮುಗಿದ ಮೇಲೆ ಗುರುಸಂಗಪ್ಪ ಮಾಸ್ತರರನ್ನು ಕರೆಸಿ, ಗಿರಾಕಿಗೆ ಸೀರೆ ತೋರಿಸುವ ಹಾಗೆ ಅರಿವೆಯನ್ನು ಅವರ ಮುಂದೆ ಹರವಿದ. ಗಿರಾಕಿಗೆ ನೇಕಾರ ತೋರಿಸುವುದು ಮುಖವನ್ನು. ಬೆನ್ನು ತೋರಿಸುವ ನೇಕಾರ ಈವರೆಗೆ ಹುಟ್ಟಿಲ್ಲ. ಮಾಸ್ತರರು ತಖ್ತೆ ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಅಕ್ಷರ ತಾಳೆ ನೋಡಿದರು. ಕೆಂಪು ಎಳೆಯ ಚುಕ್ಕಿಗಳು ಇರಬೇಕಾದಲ್ಲೇ ಇದ್ದವು. ಬರೋಬ್ಬರಿ ಇದೆ ಎಂದು ಬೆನ್ನು ತಟ್ಟಿ, ಅಕ್ಷರಗಳ ಹೆಸರನ್ನು ಸಾಲಾಗಿ ಎರಡು ಸಲ ಕಾಕಾನಿಗೆ ಹೇಳಿಕೊಟ್ಟು ಹೋದರು. ಅವರು ಹೋದ ಮೇಲೆ ಕಾಕಾ ಅರಿವೆಯನ್ನು ಹೊಳ್ಳಿಸಿ ಬೆನ್ನು ಮೇಲೆ ಮಾಡಿ, ಗಂಟು ಇದ್ದ ಮಗ್ಗಲನ್ನು ನನ್ನ ಬೆರಳಿಗೆ ಕೊಟ್ಟ. ಮುಖ ನುಣ್ಣಗಿತ್ತು, ಅದನ್ನು ಮುಟ್ಟಿ ನಾನೇನು ಮಾಡಲಿ? ತಪ್ಪು ಆದದ್ದು ಅಲ್ಲಿ. ಮಾಸ್ತರರು ನೋಡಿದ್ದು ಒಂದು ಮಗ್ಗಲು, ನಾನು ಓದಿದ್ದು ಇನ್ನೊಂದು. ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ.

ದಪ್ಪ ದಡಿ ನನ್ನ ಬಲಗೈಗೆ ಬರುತ್ತಿತ್ತು. ಅಲ್ಲಿಂದ ಎಡಕ್ಕೆ ಅ, ಆ, ಇ, ಈ. ಕಾಕಾ ಲಾಳಿ ಓಡಿಸುತ್ತ ಒಂದು ಅಕ್ಷರ ಹೇಳುತ್ತಿದ್ದ, ನಾನು ಹುಡುಕುತ್ತಿದ್ದೆ. ನಾನು ಮುಟ್ಟಿದ್ದನ್ನು ಹೇಳಿದರೆ ಅವನು ತಲೆಯಲ್ಲೇ ಎಣಿಸಿ ಹೌದು ಅಲ್ಲ ಎನ್ನುತ್ತಿದ್ದ. ಹೀಗೆ ಮೂವತ್ತೆಂಟು ವರ್ಷದ ನನ್ನ ಕಾಕಾ, ಅಕ್ಷರ ಎಂದರೆ ಮೂಗು ಮುರಿಯುತ್ತಿದ್ದವನು, ನನಗೆ ಕಲಿಸುವ ನೆಪದಲ್ಲಿ ತಾನೂ ಕಲಿತ. ಯುಗಾದಿಯ ಹೊತ್ತಿಗೆ ಇಬ್ಬರಿಗೂ ಎಲ್ಲ ಅಕ್ಷರ ಬಾಯಲ್ಲಿ, ಬೆರಳಲ್ಲಿ ಕೂತಿದ್ದವು. ಉಬ್ಬು ಚುಕ್ಕಿಯ ಪುಸ್ತಕ ಮಾತ್ರ ಬರಲೇ ಇಲ್ಲ. ಅವ್ವ ಕಲಿಯುವುದಕ್ಕೆ ಅಡ್ಡಿ ಮಾಡಲಿಲ್ಲ. ಆದರೆ ಪರವೂರಿಗೆ ಕಳಿಸುವ ಮಾತು ಬಂದಾಗಲೆಲ್ಲ ಎದ್ದು ಒಳಗೆ ಹೋಗುತ್ತಿದ್ದಳು. ಕೊನೆಗೆ ಒಂದು ದಿನ ಒಪ್ಪಿದಳು. ರೋಣದಲ್ಲಿ ಪಾಸಾದರೆ ಹೋಗಲಿ, ಆಗದಿದ್ದರೆ ಮತ್ತೆ ಯಾರೂ ಓದಿನ ಸುದ್ದಿ ಎತ್ತಬಾರದು ಎಂದಳು.

ಪರೀಕ್ಷೆಯ ದಿನ ಅವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು, ತಾನು ಬರಲಿಲ್ಲ. ನನಗೆ ನೋಡಲು ಧೈರ್ಯ ಸಾಲದು ಎಂದಳು. ಕಾಕಾ, ಮಾಸ್ತರರು, ನಾನು ಬಸ್ಸಿನಲ್ಲಿ ರೋಣಕ್ಕೆ ಹೋದೆವು. ಕಾಕಾ ಅರಿವೆಯನ್ನು ಗಂಜಿ ಹಾಕಿ ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡಿದ್ದ. ಪಕ್ಕದಲ್ಲಿ ಕೂತವರಿಗೆಲ್ಲ ನಮ್ಮ ಹುಡುಗಿ ಪರೀಕ್ಷೆಗೆ ಹೊರಟಿದ್ದಾಳೆ ಎಂದು ಹೇಳಿದ. ಅಕ್ಷರ ತನ್ನ ಮಗ್ಗದ್ದು ಎಂಬುದನ್ನೂ ಬಿಡದೆ ಹೇಳಿದ.

ರೋಣದ ಶಾಲೆಯ ದೊಡ್ಡ ಖೋಲಿಯಲ್ಲಿ ಹತ್ತು ಹನ್ನೆರಡು ಮಕ್ಕಳು, ಅವರ ತಂದೆತಾಯಿ ಸೇರಿದ್ದರು. ಪರೀಕ್ಷೆ ಮಾಡಲು ಬಂದವರ ಹೆಸರು ಪ್ರಭುಲಿಂಗಪ್ಪ. ಅವರಿಗೂ ಕಣ್ಣಿರಲಿಲ್ಲ ಎಂದು ಕಾಕಾ ನನ್ನ ಕಿವಿಯಲ್ಲಿ ಹೇಳಿದ. ಕಣ್ಣಿಲ್ಲದವರು ಮಾಸ್ತರರಾಗಬಹುದು ಎಂದು ನನಗೆ ಗೊತ್ತೇ ಇರಲಿಲ್ಲ. ಅವರ ಪಕ್ಕದಲ್ಲಿ ಹೆಸರು ಬರೆದುಕೊಳ್ಳುವ ಒಬ್ಬ ಗುಮಾಸ್ತ ಕೂತಿದ್ದ.

ನನ್ನ ಸರದಿ ಬಂತು. ಪ್ರಭುಲಿಂಗಪ್ಪನವರು ಒಂದು ದಪ್ಪ ಕಾಗದವನ್ನು ನನ್ನ ಬೆರಳ ಕೆಳಗೆ ಸರಿಸಿದರು. ಮೊದಲ ಸಲ ನಿಜವಾದ ಉಬ್ಬು ಚುಕ್ಕಿ ನನ್ನ ಬೆರಳಿಗೆ ತಾಗಿತು. ನಮ್ಮ ಗಂಟುಗಳಿಗಿಂತ ಸಣ್ಣವು, ಆದರೆ ಎಳೆ ಎಣಿಸಿ ರೂಢಿಯಾದ ಬೆರಳಿಗೆ ಅದು ಕಷ್ಟವಾಗಲಿಲ್ಲ. ಎಡಗಡೆ ಮೇಲೆ ಎರಡು ಚುಕ್ಕಿ. ಭ ಎಂದೆ. ಅವರು ಆ ಕಾಗದ ತೆಗೆದುಬಿಟ್ಟರು. ಇನ್ನೊಂದು ಕಾಗದ ಕೊಟ್ಟು, ಇದರಲ್ಲಿ ಮೂರು ಅಕ್ಷರ ಇವೆ, ಕೂಡಿಸಿ ಓದು ಎಂದರು. ನಾನು ರೂಢಿಯಂತೆ ಬಲಗಡೆಯಿಂದ ಶುರು ಮಾಡಿದೆ.

"ಳಶಖ" ಎಂದು ಓದಿದೆ.

ಗುಮಾಸ್ತ ನಕ್ಕುಬಿಟ್ಟ. ಪ್ರಭುಲಿಂಗಪ್ಪನವರು ಇನ್ನೊಮ್ಮೆ ನಿಧಾನಕ್ಕೆ ಓದು ಎಂದರು. ನಾನು ಇನ್ನೊಮ್ಮೆ ಜೋರಾಗಿ ಓದಿದೆ. ಅಂಥ ಶಬ್ದ ಯಾವುದಾದರೂ ಇದೆಯೇ ಎಂದು ಕೇಳಿದರು. ನಾನು ಹೂವಪ್ಪನ ಮನೆಯಲ್ಲಿ ಬೆಳೆದವಳು. ಕಾಗದದಲ್ಲಿ ಇದ್ದದ್ದನ್ನು ಓದಿದ್ದೇನೆ, ತಪ್ಪಿದ್ದರೆ ಕಾಗದದ್ದೇ ಇರಬೇಕು ಎಂದೆ.

ಅಲ್ಲಿ ಬರೆದದ್ದು ಕಮಲ ಎಂದು ಅವರು ಮೆಲ್ಲಗೆ ಹೇಳಿದರು. ಅಕ್ಷರ ಇನ್ನೂ ಕೂತಿಲ್ಲ, ಮುಂದಿನ ವರ್ಷ ನೋಡೋಣ ಎಂದರು. ಗುಮಾಸ್ತ ನನ್ನ ವಯಸ್ಸು ನೋಡಿ, ಮುಂದಿನ ವರ್ಷ ಬರುವಂತಿಲ್ಲ ಎಂದ. ಮಾಸ್ತರರು, ತಾವೇ ತಾಳೆ ನೋಡಿದ್ದಾಗಿ, ಒಂದು ಚುಕ್ಕಿಯೂ ಆಚೀಚೆ ಇರಲಿಲ್ಲವೆಂದು ತಡವರಿಸಿದರು. ಸುತ್ತ ಕೂತವರು ಪಿಸುಗುಟ್ಟಿದರು. ಇನ್ನು ನನ್ನ ಪಾಲಿಗೆ ಕಂಡಿಕೆಯೇ ಗತಿ ಎಂದು ನನಗೆ ಅರ್ಥವಾಯಿತು. ಕಾಕಾ ಈಗ ಏನು ಹೇಳುತ್ತಾನೆಂದೂ ನನಗೆ ಗೊತ್ತಿತ್ತು. ಹುಡುಗಿಗೆ ಗಾಬರಿ ಎನ್ನುತ್ತಾನೆ, ಇಲ್ಲವೆ ಆ ಕಾಗದವೇ ಸರಿಯಿಲ್ಲ ಎನ್ನುತ್ತಾನೆ.

ಕಾಕಾ ಹಾಗೇನೂ ಅನ್ನಲಿಲ್ಲ. ಕಮಲದ ಲ ಅಕ್ಷರಕ್ಕೆ ಚುಕ್ಕಿ ಎಲ್ಲಿ ಬರುತ್ತವೆ ಎಂದು ಕೇಳಿದ. ಎಡಗಡೆ ಮೂರು ಎಂದರು ಪ್ರಭುಲಿಂಗಪ್ಪನವರು. ಬಲಗಡೆ ಮೂರು ಇದ್ದರೆ? ಅದು ಳ. ಹಾಗೆಯೇ ಮ ತಿರುಗಿದರೆ ಶ, ಕ ತಿರುಗಿದರೆ ಖ. ಕಾಕಾ ಚೀಲದಿಂದ ಅರಿವೆ ತೆಗೆದ. ಗಂಜಿ ಹಾಕಿದ ಬಟ್ಟೆ ಬಿಚ್ಚಿಕೊಳ್ಳುವ ಸದ್ದು ಕೇಳಿಸಿತು. ಒಮ್ಮೆ ಹೊಳ್ಳಿಸಿದ, ಮತ್ತೊಮ್ಮೆ ಹೊಳ್ಳಿಸಿದ, ಮೂರನೆಯ ಸಲವೂ ಹೊಳ್ಳಿಸಿದ.

"ತಪ್ಪ ಹುಡುಗೀದಲ್ರಿ. ತಪ್ಪ ನಂದೈತ್ರಿ. ಅರಿವಿ ಮುಖ ಮಾಸ್ತರಗ ತೋರ್ಸೇನಿ, ಬೆನ್ನ ಆಕಿ ಕೈಯಾಗ ಕೊಟ್ಟೇನಿ. ಇಷ್ಟ ದಿನ ಆಕಿಗೆ ನಾ ಬೆನ್ನ ಓದಿಸೇನ್ರಿ."

ಅಷ್ಟು ಜನರ ಮುಂದೆ ಅವನು ಹಾಗೆಂದ. ಫೇಲಾದದ್ದನ್ನು ಒಂದು ಗಳಿಗೆ ನಾನು ಮರೆತೇ ಹೋದೆ. ಉಪ್ಪಿನ ಮೇಲೆ ತಪ್ಪು ಹೊರಿಸಿದ ಮನುಷ್ಯ ಇವನೇ ಏನು ಎಂದು ಅವನ ಧೋತರದ ಚುಂಗು ಹಿಡಿದು ನೋಡಿದೆ. ಅವನೇ. ಅವತ್ತು ನನಗೆ ಕಣ್ಣಿದ್ದರೆ ಎಂದು ಅನಿಸಿತು, ನನ್ನ ಜನ್ಮದಲ್ಲಿ ಹಾಗೆ ಅನಿಸಿದ್ದು ಬಹಳ ಸಲ ಇಲ್ಲ. ಅವನ ಮುಖ ನೋಡಬೇಕಿತ್ತು.

"ಬೆನ್ನಂದ್ರಿ?" ಎಂದು ಪ್ರಭುಲಿಂಗಪ್ಪನವರು ಕುರ್ಚಿಯಿಂದ ಮುಂದಕ್ಕೆ ಬಾಗಿದರು. ಅರಿವೆಯನ್ನು ಇಸಿದುಕೊಂಡರು. ಅವರ ಬೆರಳು ಗಂಟುಗಳ ಮೇಲೆ ಸರಸರ ಓಡುವುದು ನನಗೆ ಕೇಳಿಸಿತು. ಬಲಗಡೆಯ ದಪ್ಪ ದಡಿಯಿಂದ ಎಡಕ್ಕೆ, ಅಲ್ಲಿಂದ ಮತ್ತೆ ಬಲಕ್ಕೆ. ಓಡುತ್ತ ಓಡುತ್ತ ಅವರು ನಗತೊಡಗಿದರು. ಆ ನಗುವಿನಲ್ಲಿ ಕುಚೋದ್ಯ ಇರಲಿಲ್ಲ. ಹೊಟ್ಟೆಯೊಳಗಿಂದ ಬಂದ ನಗು. ಮೇಜಿನ ಮೇಲೆ ಕಬ್ಬಿಣದ ಏನೋ ಇಟ್ಟ ಸದ್ದಾಯಿತು.

"ಹಂಗಾದ್ರ ನೀ ಓದಬ್ಯಾಡ ಮಗಳ. ಬರಿ."

ನನ್ನ ಕೈಗೆ ಕೊಟ್ಟದ್ದು ಎರಡು ತಗಡಿನ ಪಟ್ಟಿ, ನಡುವೆ ಕಾಗದ. ಮೇಲಿನ ಪಟ್ಟಿಯಲ್ಲಿ ಸಾಲಾಗಿ ಸಣ್ಣ ಸಣ್ಣ ಕಿಟಕಿಗಳು, ಒಂದೊಂದು ಕಿಟಕಿಯ ಅಂಚಿಗೆ ಎಡಕ್ಕೆ ಮೂರು ಕಚ್ಚು, ಬಲಕ್ಕೆ ಮೂರು ಕಚ್ಚು. ಇನ್ನೊಂದು ಕೈಗೆ ಮರದ ಹಿಡಿಯ ಮೊಂಡು ಮೊಳೆ. ಕುರುಡರು ಬರೆಯುವುದು ಇದರಲ್ಲಿ. ಮೊಳೆಯಿಂದ ಒತ್ತಿದರೆ ಚುಕ್ಕಿ ಕಾಗದದ ಆಚೆ ಮಗ್ಗಲಿಗೆ ಏಳುತ್ತದೆ. ಆದ್ದರಿಂದ ಬರೆಯುವುದು ಕಾಗದದ ಬೆನ್ನಿನ ಮೇಲೆ, ಬಲದಿಂದ ಎಡಕ್ಕೆ, ಪ್ರತಿಯೊಂದು ಅಕ್ಷರವನ್ನೂ ತಿರುಗಿಸಿ. ಆಮೇಲೆ ಕಾಗದ ಹೊಳ್ಳಿಸಿ, ಮುಖವನ್ನು ಎಡದಿಂದ ಬಲಕ್ಕೆ ಓದುವುದು. ಓದಲು 'ಲ' ಆದದ್ದು ಬರೆಯಲು 'ಳ' ದ ಹಾಗೆ ಕಾಣುತ್ತದೆ. ಮಕ್ಕಳ ತಲೆ ಕೆಡುವುದು ಇಲ್ಲಿಯೇ. ಇದನ್ನು ನಾನು ಇವತ್ತು ಹೇಳುತ್ತಿದ್ದೇನೆ, ಅವತ್ತು ನನಗೆ ಇದೊಂದೂ ತಿಳಿದಿರಲಿಲ್ಲ. ಕಮಲ ಎಂದು ಬರಿ, ಬಲಗಡೆಯಿಂದ ಶುರು ಮಾಡು ಎಂದಷ್ಟೇ ಅವರು ಹೇಳಿದರು.

ಬಲಗಡೆಯಿಂದಲ್ಲದೆ ಬೇರೆ ಕಡೆಯಿಂದ ಶುರು ಮಾಡುವುದು ನನಗೆ ಗೊತ್ತಿದ್ದರೆ ತಾನೆ? ನಮ್ಮ ಅರಿವೆಯ ಗಂಟುಗಳನ್ನು ನೆನೆದು ಹಾಗೆ ಹಾಗೆಯೇ ಒತ್ತಿದೆ. ಮೂರು ಕಿಟಕಿ ತುಂಬಿದವು. ಅವರು ಕಾಗದ ಬಿಡಿಸಿ ಹೊಳ್ಳಿಸಿ ಬೆರಳಾಡಿಸಿದರು. ಕ, ಮ, ಲ ಎಂದು ಒಂದೊಂದಾಗಿ ಓದಿದರು. ಮತ್ತೆ ಕಾಗದ ಸಿಕ್ಕಿಸಿ, ನಿನಗೆ ಬೇಕಾದದ್ದು ಏನಾದರೂ ಬರಿ ಎಂದರು. ನನಗೆ ಕಾಗುಣಿತ ಯಾರೂ ಹೇಳಿಕೊಟ್ಟಿರಲಿಲ್ಲ. ಕ ಬರೆದು ಅದರ ಪಕ್ಕದಲ್ಲಿ ಆ ಬರೆದೆ. ಮತ್ತೆ ಕ, ಮತ್ತೆ ಆ. ಚುಕ್ಕಿ ಅಕ್ಷರದಲ್ಲಿ ಕಾಗುಣಿತವೇ ಹಾಗೆ ಎಂದು ನನಗೆ ಆಮೇಲೆ ಗೊತ್ತಾಯಿತು.

"ಕಾಕಾ" ಎಂದು ಓದಿದರು ಪ್ರಭುಲಿಂಗಪ್ಪನವರು. ಹಿಂದಿನಿಂದ ಯಾರೋ ಮೂಗು ಎಳೆದ ಸದ್ದಾಯಿತು. ಅದು ಯಾರೆಂದು ನಾನು ಕೇಳಲಿಲ್ಲ.

"ಓದೂದು ಏನ, ಅರಿವಿ ಹೊಳ್ಳಿಸಿದ್ರ ಮುಗೀತು. ಬರಿಯೂದು ಕಲಿಸಾಕ ನಾ ಆರ ಆರ ತಿಂಗಳ ತಲಿ ಒಡ್ಕೋತೇನ್ರಿ. ನೀವು ಕಲಿಸೇ ಕರ್ಕೊಂಡ ಬಂದೀರಿ" ಎಂದು ಅವರು ಕಾಕಾನಿಗೆ ಹೇಳಿದರು. ನನ್ನ ಹೆಸರು ಬರೆದುಕೊಳ್ಳಲು ಗುಮಾಸ್ತನಿಗೆ ಹೇಳಿದರು. ಗಾಳೆವ್ವ ಎಂದು ನನಗಿಂತ ಮೊದಲೇ ಮಾಸ್ತರರು ಕೂಗಿ ಹೇಳಿದರು.

ಬಸ್ಸಿನಲ್ಲಿ ಅರ್ಧ ದಾರಿ ಕಾಕಾ ಅರಿವೆಯ ಮಡಿಕೆ ಬಿಚ್ಚುತ್ತ, ಮತ್ತೆ ಮಡಿಸುತ್ತ ಕೂತಿದ್ದ. ಊರು ಹತ್ತಿರ ಬಂದ ಹಾಗೆ ಮೊದಲಿನ ಹೂವಪ್ಪ ತಿರುಗಿ ಬಂದ. ಬಸ್ಸು ಇಳಿಯುವ ಹೊತ್ತಿಗೆ, ತನ್ನ ಮಗ್ಗದಲ್ಲಿ ತಪ್ಪು ಹುಟ್ಟಿದರೂ ಅದು ಪಾಸಾಗಿಯೇ ಹುಟ್ಟುತ್ತದೆ ಎಂದು ಪಕ್ಕದವರಿಗೆ ಹೇಳುತ್ತಿದ್ದ. ಅವ್ವ ಸುದ್ದಿ ಕೇಳಿ ನನ್ನನ್ನು ಅಪ್ಪಿಕೊಂಡು ಅತ್ತಳು. ಮಾತು ಕೊಟ್ಟಿದ್ದಳು, ತಪ್ಪಲಿಲ್ಲ.

ಶಾಲೆಗೆ ಹೋದ ಮೇಲೆ ಓದುವುದು ಹೊಳ್ಳಿಸಿ ಕಲಿಯಲು ನನಗೆ ಒಂದು ತಿಂಗಳು ಹಿಡಿಯಿತು. ಮೊದಲ ಕಾಗದ ಮನೆಗೆ ಬರೆದೆ, ಚುಕ್ಕಿಯಲ್ಲಿ. ಆಮೇಲೆ ಗಾಬರಿಯಾಯಿತು. ಅದನ್ನು ಓದುವವರು ಯಾರು? ಟಪಾಲಿನವನು ಅದನ್ನು ನೇರ ಗುರುಸಂಗಪ್ಪ ಮಾಸ್ತರರಿಗೆ ಕೊಟ್ಟನಂತೆ. ಅವರಿಗೆ ತಖ್ತೆ ಇಲ್ಲದೆ ಓದಲು ಬರಲಿಲ್ಲ. ತಖ್ತೆ ಎಲ್ಲಿಟ್ಟಿದ್ದರೋ ಸಿಗಲಿಲ್ಲ. ಕಾಕಾ ಆ ಕಾಗದವನ್ನು ತೆಗೆದುಕೊಂಡು, ಹೊಳ್ಳಿಸಿ, ಬೆನ್ನಿನ ಮೇಲೆ ಮೊಳೆ ಒತ್ತಿದ ಗುಣಿಗಳನ್ನು ಬಲದಿಂದ ಎಡಕ್ಕೆ ನೋಡುತ್ತ ಗಟ್ಟಿಯಾಗಿ ಓದಿದ. ಹೆಬ್ಬೆಟ್ಟು ಒತ್ತುವ ಹೂವಪ್ಪ ಕಾಗದ ಓದುತ್ತಾನೆಂದು ಓಣಿಯೇ ಬಂದು ನೆರೆಯಿತು. ಅಲ್ಲಿಂದ ಮುಂದೆ ಅವನಿರುವತನಕ ನನ್ನ ಕಾಗದಗಳನ್ನು ಊರಲ್ಲಿ ಓದಬಲ್ಲವನು ಅವನೊಬ್ಬನೇ.

ಮೂರನೆಯ ತಿಂಗಳಿಗೆ ಅವನ ಉತ್ತರ ಬಂತು. ಲಕೋಟೆಯೊಳಗೆ ಕಾಗದ ಇರಲಿಲ್ಲ, ಅಂಗೈಯಷ್ಟು ಅಗಲದ ನೇಯ್ದ ಪಟ್ಟಿ ಇತ್ತು. ಬೆರಳಿಟ್ಟೆ. ಈ ಸಲ ದಪ್ಪ ದಡಿ ಎಡಗಡೆಗೆ ಇತ್ತು. ಅಕ್ಷರಗಳು ನೆಟ್ಟಗೆ ಎಡದಿಂದ ಬಲಕ್ಕೆ, ಪುಸ್ತಕದಲ್ಲಿ ಇರುವ ಹಾಗೆ. ಒತ್ತಕ್ಷರ ಅವನಿಗೆ ಗೊತ್ತಿರಲಿಲ್ಲ, ನನ್ನ ಹೆಸರು 'ಗಾಳೆವವ' ಆಗಿತ್ತು. ಅದರ ಮುಂದೆ 'ಊಟ ಮಾಡು' ಎಂದು ಇತ್ತು. ಅಷ್ಟೇ. ನಾನು ಅದನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅವತ್ತು ಎರಡು ರೊಟ್ಟಿ ಹೆಚ್ಚು ತಿಂದೆ.

ರೋಣಕ್ಕೆ ಒಯ್ದ ಆ ಮೊದಲ ಅರಿವೆ ಮೂವತ್ತೆರಡು ವರ್ಷ ನನ್ನ ತರಗತಿಯಲ್ಲಿತ್ತು. ಮಕ್ಕಳಿಗೆ ಬರೆಯುವುದನ್ನು ಕಲಿಸಲು ಅದಕ್ಕಿಂತ ಚಲೋ ಸಾಮಾನು ನನಗೆ ಸಿಗಲಿಲ್ಲ. ತಲೆ ಕೆಡಿಸಿಕೊಂಡು ಅಳುವ ಮಗುವಿಗೆ ಅದನ್ನು ಮುಟ್ಟಿಸಿ, ಇದು ಬೆನ್ನು, ಬರೆಯುವಾಗ ಹೀಗೆ ಎನ್ನುತ್ತಿದ್ದೆ. ಎಷ್ಟು ಮಕ್ಕಳ ಬೆರಳು ಅದರ ಮೇಲೆ ಓಡಾಡಿವೆ. ಕಾಕಾ, ಅವರೆಲ್ಲ ನಿನ್ನ ಶಿಷ್ಯರು. ಇಂಥ ಮನುಷ್ಯನ ಮನೆಯಲ್ಲಿ ನನ್ನನ್ನು ಹುಟ್ಟಿಸಿದ್ದಕ್ಕೆ, ಕಣ್ಣು ಕೊಡದ ದೇವರ ಮೇಲಿನ ನನ್ನ ಸಿಟ್ಟು ಎಂದೋ ಇಳಿದುಹೋಗಿದೆ. ಆದರೆ ಲಕೋಟೆಯಲ್ಲಿ ಬಂದ ಆ ಎರಡನೆಯ ಪಟ್ಟಿಯನ್ನು ಮಾತ್ರ ನಾನು ಯಾವ ಮಗುವಿನ ಕೈಗೂ ಕೊಟ್ಟಿಲ್ಲ. ಕಾರಣ ಇದೆ.

ದೀಪಾವಳಿ ರಜೆಗೆ ಊರಿಗೆ ಹೋದಾಗ, ಚಿತ್ತಾರವನ್ನು ತಿರುಗಿಸದೆ ಹಾಗೆಯೇ ಇಟ್ಟು ನೇಯ್ದಿಯಲ್ಲ, ಈಗ ಬುದ್ಧಿ ಬಂತು ಎಂದು ಕಾಕಾನನ್ನು ಛೇಡಿಸಿದೆ. ಅವನು ಹ್ಞೂಂ ಎಂದ. ಅವನು ಹೊರಗೆ ಹೋದ ಮೇಲೆ ಅವ್ವ ಹೇಳಿದಳು.

"ನಾನೂ ಅದನ್ನ ಹೇಳಿದ್ನೆವ್ವ. ಚಿತ್ತಾರ ಸೀದಾ ಇಟ್ಟ ನೇಯಪಾ, ಗಂಟ ಬೆನ್ನಿಗೆ ಇದ್ರೂ ಓದಾಕ ಬರತೈತಿ ಅಂತ. ಕೇಳಲಿಲ್ಲ. ನನ್ನ ಮಗಳ ಇನ್ ಮ್ಯಾಲ ಬೆನ್ನ ಓದೂದಿಲ್ಲ, ಮುಖಾನ ಓದ್ತಾಳ ಅಂದ."

ಮುಖಕ್ಕೆ ಗಂಟು ಬರಬೇಕೆಂದರೆ ಬಟ್ಟೆಯ ಅಡಿಯಿಂದ ಕಟ್ಟಬೇಕು. ಕಾಕಾ ಕುಣಿಯೊಳಗೆ ಇಳಿದು, ಮಗ್ಗಕ್ಕೆ ಹಾಸಿದ ಎಳೆಗಳ ಕೆಳಗೆ ತಲೆ ತೂರಿಸಿ, ಕೈ ಮೇಲೆತ್ತಿ ಒಂದೊಂದೇ ಗಂಟು ಕಟ್ಟಿದನಂತೆ. ಅಲ್ಲಿ ಬೆಳಕು ಬೀಳುವುದಿಲ್ಲ, ಎಳೆ ಕಾಣುವುದಿಲ್ಲ. ನೋಡಲು ಬಂದ ನೇಕಾರರು, ಮುಖದ ಮೇಲೆ ಗಂಟು ಕಟ್ಟುತ್ತಾನೆ, ಹೂವಪ್ಪನಿಗೆ ತಲೆ ಕೆಟ್ಟಿತು ಎಂದು ನಕ್ಕು ಹೋದರಂತೆ. ಅವನು ಎಂಟು ದಿನ ಅಲ್ಲಿ ಕೂತು ಬೆರಳಿನಿಂದಲೇ ಎಳೆ ಎಣಿಸಿದ. ತಪ್ಪಿದಾಗ ಬಿಚ್ಚಿದ, ಮತ್ತೆ ಕಟ್ಟಿದ. ಮಗ್ಗದ ಕೆಳಗಿನಿಂದ ಅವನು ತನ್ನಷ್ಟಕ್ಕೇ ತಪ್ಪಾತು, ತಪ್ಪಾತು ಎನ್ನುವುದು ಅಡುಗೆಮನೆಯಲ್ಲಿದ್ದ ಅವ್ವನಿಗೆ ಕೇಳಿಸುತ್ತಿತ್ತಂತೆ.